ಸೈಕಲ್ ಕಟ್ಟೆ: ಹಾಸನದ ಆಚೆ ಬದಿ ಎಲ್ಲಿದೆ?

ಪ್ರಶ್ನೆ: ಅಣ್ಣ, ನನಗೆ 22 ವರ್ಷ. ಬಿ.ಕಾಂ. ಮುಗಿಸಿ ಹಾಸನದಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ. ಸೈಕಲ್ಲಿನಲ್ಲಿ ಒಬ್ಬಳೇ ಪ್ರಪಂಚ ಸುತ್ತಬೇಕು ಅಂತ ಆಸೆ. ಹಾಸನದಿಂದಲೇ ಹೊರಟು ಹಾಸನಕ್ಕೇ ವಾಪಸ್ ಬಂದರೆ ದಾಖಲೆ ಅಂತ ಒಪ್ಪುತ್ತಾರಾ? ದಿನಕ್ಕೆ ಎಷ್ಟು ತುಳಿಯಬೇಕು? ಎಂಥ ಸೈಕಲ್ ಬೇಕು? ಈ ವಿಷಯ ಎತ್ತಿದಾಗಿನಿಂದ ಅಮ್ಮ ಮಾತು ಬಿಟ್ಟಿದ್ದಾರೆ.
– ಒಬ್ಬ ಓದುಗರು, ಆಲೂರು

ಉತ್ತರ: ತಂಗಿ, ಅಂಗಡಿ ಮುಚ್ಚಿ, ಕೈಗೆ ಹತ್ತಿದ ಗ್ರೀಸ್ ತೊಳೆದುಕೊಂಡು ನಿನ್ನ ಪತ್ರವನ್ನು ಎರಡು ಸಲ ಓದಿದೆ. ತುಂಬಾ ಖುಷಿಯಾಯಿತು.

ಹಾಸನದಿಂದ ಖಂಡಿತ ಹೊರಡಬಹುದು. ಹೊರಟ ಜಾಗಕ್ಕೇ ವಾಪಸ್ ಬರಬೇಕು ಅನ್ನೋದೇ ಗಿನ್ನೆಸ್ ನಿಯಮ. ತುಳಿದ ದೂರ ಕನಿಷ್ಠ 18,000 ಮೈಲಿ, ಅಂದರೆ ಸುಮಾರು 28,970 ಕಿ.ಮೀ. ಇರಬೇಕು. ಮಧ್ಯೆ ಸಿಗುವ ಸಮುದ್ರವನ್ನು ವಿಮಾನದಲ್ಲೋ ಹಡಗಿನಲ್ಲೋ ದಾಟಬಹುದು. ಎಲ್ಲ ಸೇರಿ ಪ್ರಯಾಣ 40,000 ಕಿ.ಮೀ. ಮೀರಬೇಕು, ಭೂಮಧ್ಯರೇಖೆಯ ಉದ್ದದಷ್ಟು. ಪೂರ್ವಕ್ಕೆ ಹೊರಟರೆ ಪೂರ್ವಕ್ಕೇ, ಪಶ್ಚಿಮಕ್ಕೆ ಹೊರಟರೆ ಪಶ್ಚಿಮಕ್ಕೇ ಸಾಗಬೇಕು.

ಇನ್ನೊಂದು ನಿಯಮವಿದೆ. ನನಗೆ ತುಂಬಾ ಇಷ್ಟವಾದದ್ದು ಅದು. ಭೂಮಿಯ ಮೇಲೆ ಒಂದಕ್ಕೊಂದು ನೇರ ಎದುರಿಗಿರುವ ಎರಡು ಜಾಗ ಮುಟ್ಟಬೇಕು. ಹಾಸನ ಇರೋದು 13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವದಲ್ಲಿ. ಅದರ ಆಚೆ ಬದಿ 13 ಡಿಗ್ರಿ ದಕ್ಷಿಣ, 104 ಡಿಗ್ರಿ ಪಶ್ಚಿಮ. ಗ್ಲೋಬ್ ತಿರುಗಿಸಿ ನೋಡು, ಪೆರು ದೇಶದ ಪಶ್ಚಿಮಕ್ಕೆ ಬರೀ ಪೆಸಿಫಿಕ್ ಸಾಗರ. ಅಲ್ಲಿ ರಸ್ತೆಯಿಲ್ಲ. ಹಾಗಾಗಿ ಬೇರೆ ಜೋಡಿ ಹುಡುಕಬೇಕು. ಸ್ಪೇನ್ ಮತ್ತು ನ್ಯೂಜಿಲೆಂಡ್ ಹೀಗೆ ಎದುರುಬದುರು ಇವೆ, ತುಂಬಾ ಜನ ಅವನ್ನೇ ಹಿಡಿಯುತ್ತಾರೆ.

ಇನ್ನು ದಿನದ ಲೆಕ್ಕ. ಮಾರ್ಕ್ ಬೋಮಾಂಟ್ 2017ರಲ್ಲಿ ಪ್ಯಾರಿಸ್‌ನಿಂದ ಹೊರಟು 78 ದಿನ 14 ಗಂಟೆ 40 ನಿಮಿಷದಲ್ಲಿ ಸುತ್ತಿ ಬಂದರು. ಬೆಳಗಿನ ಜಾವ 4ಕ್ಕೆ ಶುರು, ದಿನಕ್ಕೆ 16 ಗಂಟೆ, ಸುಮಾರು 386 ಕಿ.ಮೀ. ಆದರೆ ಅವರ ಹಿಂದೆ ಊಟಕ್ಕೆ, ರಿಪೇರಿಗೆ ಒಂದು ತಂಡವೇ ಇತ್ತು. ನೀನು ಓದಬೇಕಾದ್ದು ಜೆನ್ನಿ ಗ್ರಹಾಂ ಬಗ್ಗೆ. ಸ್ಕಾಟ್ಲೆಂಡಿನವರು. 2018ರಲ್ಲಿ ಬರ್ಲಿನ್‌ನಿಂದ ಒಬ್ಬರೇ ಹೊರಟು, ತಮ್ಮ ಸಾಮಾನು ತಾವೇ ಹೊತ್ತು, 124 ದಿನ 11 ಗಂಟೆಯಲ್ಲಿ ಮುಗಿಸಿದರು. 2024ರಲ್ಲಿ ಲೇಲ್ ವಿಲ್ಕಾಕ್ಸ್ ಷಿಕಾಗೋದಿಂದ ಹೊರಟು ಹೆಂಗಸರ ಈ ದಾಖಲೆಯನ್ನು 108 ದಿನ 12 ಗಂಟೆಗೆ ಇಳಿಸಿದರು.

ನಮ್ಮ ಪುಣೆಯ ಹುಡುಗಿ ವೇದಾಂಗಿ ಕುಲಕರ್ಣಿ ಇದ್ದಾರಲ್ಲ, ಅವರು 2018ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಹೊರಟು 159 ದಿನದಲ್ಲಿ ಸುಮಾರು 29,000 ಕಿ.ಮೀ. ತುಳಿದು ಕೋಲ್ಕತ್ತಾ ಮುಟ್ಟಿದಾಗ ವಯಸ್ಸು ಬರೀ 20. ಕೆನಡಾದಲ್ಲಿ ಕರಡಿ ಅಟ್ಟಿಸಿಕೊಂಡು ಬಂತು. ಸ್ಪೇನ್‌ನಲ್ಲಿ ಚಾಕು ತೋರಿಸಿ ದುಡ್ಡು ಕಿತ್ತುಕೊಂಡರು. ಆದರೂ ಅವರು ನಿಲ್ಲಲಿಲ್ಲ. ಭಾಗಿಸಿ ನೋಡಿದರೆ ದಿನಕ್ಕೆ 180 ಕಿ.ಮೀ. ಮೇಲಾಯಿತು.

180 ಅಂದರೆ ಎಷ್ಟು ಅಂತ ಕಾಲಿಗೆ ಗೊತ್ತಾಗಬೇಕು. ಹಾಸನದಿಂದ ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಮತ್ತೆ ಹಾಸನ. ಈ ಸುತ್ತು ಹೆಚ್ಚುಕಡಿಮೆ 170 ಕಿ.ಮೀ. ಮಳೆಗಾಲ ಕಳೆದ ಮೇಲೆ ಒಂದು ದಿನ ತುಳಿ. ಮಾರನೇ ದಿನ ಎದ್ದು ಮತ್ತೆ ಅದೇ ಸುತ್ತು. ಮೂರನೇ ದಿನವೂ ಅದೇ. ಮೊದಲ ದಿನ ಯಾರು ಬೇಕಾದರೂ ತುಳಿಯುತ್ತಾರೆ. ಮೂರನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂರುವಾಗ ನಿನಗೇ ಉತ್ತರ ಸಿಗುತ್ತೆ. ಒಂದು ಮಾತು: ಆಲೂರು, ಸಕಲೇಶಪುರ ಕಡೆ ಆನೆ ಕಾಟ ನಿನಗೆ ಹೇಳಬೇಕಾಗಿಲ್ಲ. ಬೆಳಕು ಹರಿದ ಮೇಲೇ ಹೊರಡು, ಕತ್ತಲಾಗುವ ಮುಂಚೆ ಆ ರಸ್ತೆ ಬಿಡು.

ಆಮೇಲೆ ಬ್ರೆವೆ ಸವಾರಿಗೆ ಬಾ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಗಡುವು. ನಾನು 600 ಮಾಡಿದಾಗ ಎರಡನೇ ರಾತ್ರಿ ಚನ್ನರಾಯಪಟ್ಟಣ ದಾಟಿದ ಮೇಲೆ ಮೈಲಿಗಲ್ಲೊಂದು ಕುಕ್ಕರುಗಾಲಲ್ಲಿ ಕೂತ ಮನುಷ್ಯನ ಥರ ಕಂಡಿತು. ಮಾತಾಡಿಸಿಯೂ ಬಿಟ್ಟೆ. ತಕ್ಷಣ ಇಳಿದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ 40 ನಿಮಿಷ ಮಲಗಿದೆ. ನಿದ್ದೆಗೆಟ್ಟಾಗ ಇಳಿಯೋಕೆ ಬರಬೇಕು, ತಂಗಿ. ಹಾಗೇ ಹಸಿವಾಗುವ ಮುಂಚೆ ತಿನ್ನೋಕೂ ಬರಬೇಕು. ಗಂಟೆಗೊಮ್ಮೆ ಬಾಳೆಹಣ್ಣೋ ಕಡಲೆಮಿಠಾಯಿಯೋ ಬಾಯಿಗೆ ಹೋಗಲಿ, ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡ.

ಸೈಕಲ್? ಸ್ಟೀಲ್ ಫ್ರೇಮಿನದು ತಗೋ. ಬಿರುಕು ಬಿಟ್ಟರೆ ಯಾವ ಊರಿನಲ್ಲೂ ವೆಲ್ಡಿಂಗ್ ಮಾಡುವವರು ಸಿಗುತ್ತಾರೆ. ಚಕ್ರಕ್ಕೆ 36 ಕಡ್ಡಿ ಇರಲಿ. ಭಾರ ಹೊತ್ತ ಸೈಕಲ್ಲಿನಲ್ಲಿ ಮುರಿಯೋದು ಹಿಂದಿನ ಚಕ್ರದ ಕಡ್ಡಿ, ಅದರಲ್ಲೂ ಜಾಸ್ತಿ ಫ್ರೀವೀಲ್ ಕಡೆಯದು. ಆ ಕಡೆ ಎಳೆತ ಹೆಚ್ಚು. ಅದನ್ನು ಹಾಕಬೇಕಾದರೆ ಫ್ರೀವೀಲ್ ಬಿಚ್ಚಲೇಬೇಕು, ಆಮೇಲೆ ಬೆಂಡ್ ತೆಗೀಬೇಕು. ಪಂಕ್ಚರ್ ಹಾಕೋದು ಎಲ್ಲರೂ ಕಲಿಯುತ್ತಾರೆ, ಇದನ್ನು ಕಲಿಯೋದಿಲ್ಲ. ಯಾವ ಸಂಜೆ ಬೇಕಾದರೂ ಅಂಗಡಿಗೆ ಬಾ, ಒಂದು ಹಳೇ ಚಕ್ರ ಕೊಡುತ್ತೇನೆ. ಹತ್ತು ಸಲ ಬಿಚ್ಚಿ ಕಟ್ಟು.

ಅಮ್ಮನ ವಿಷಯ. ಅವರ ಭಯ ಸುಳ್ಳಲ್ಲ. ದೂರದ ಸೈಕಲ್ ರೇಸುಗಳಲ್ಲಿ ಪಳಗಿದ ಮೈಕ್ ಹಾಲ್ ಅಂಥ ಅನುಭವಿಯೇ 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಕ್ಯಾನ್‌ಬೆರಾ ಹತ್ತಿರ, ಇನ್ನೂ ಬೆಳಕು ಹರಿಯದ ಹೊತ್ತಲ್ಲಿ ಕಾರಿಗೆ ಸಿಕ್ಕಿ ತೀರಿಕೊಂಡರು. ಇದನ್ನು ಅಮ್ಮನಿಂದ ಮುಚ್ಚಿಡಬೇಡ. ಹಿಂದಿನ ಲೈಟು ಎರಡಿರಲಿ, ಹೊಳೆಯುವ ಜಾಕೆಟ್ ಇರಲಿ, ಅದನ್ನೂ ತೋರಿಸು. ಒಂದು ಭಾನುವಾರ ಅವರು ಬಸ್ಸಿನಲ್ಲಿ ಬೇಲೂರಿಗೆ ಬರಲಿ, ನೀನು ಸೈಕಲ್ಲಿನಲ್ಲಿ ಹೋಗು. ದೇವಸ್ಥಾನ ನೋಡಿ ಇಬ್ಬರೂ ಕೂತು ಊಟ ಮಾಡಿ. ನೀನು ಹೇಳಿದ ಹೊತ್ತಿಗೆ ಸರಿಯಾಗಿ ಬಂದು ತಲುಪಿದ್ದನ್ನು ಅವರು ಕಣ್ಣಾರೆ ನೋಡಲಿ. ಅಂಥ ಭಾನುವಾರ ಇನ್ನೂ ಹತ್ತು ಬೇಕಾಗಬಹುದು. ಅವಸರ ಮಾಡಬೇಡ.

ಪ್ರಶ್ನೆ: ನೂರು ಕಿ.ಮೀ. ದಾಟಿದರೆ ಕಿರುಬೆರಳು, ಉಂಗುರದ ಬೆರಳು ಜುಮ್ ಅನ್ನುತ್ತವೆ. ಡಾಕ್ಟರ್ ಹತ್ತಿರ ಹೋಗಬೇಕಾ?
– ಒಬ್ಬ ಶಿಕ್ಷಕರು, ಕಡೂರು

ಉತ್ತರ: ಮೇಷ್ಟ್ರೇ, ಆ ಎರಡು ಬೆರಳಿಗೆ ಹೋಗುವ ನರ ಅಂಗೈ ಬುಡದಲ್ಲಿ ಹ್ಯಾಂಡಲ್ಲಿಗೆ ಒತ್ತುತ್ತೆ. ಮೊದಲು ಸೀಟ್ ನೋಡಿ. ಮೂತಿ ಕೆಳಗೆ ಬಾಗಿದ್ದರೆ ಮೈ ಜಾರಿ ಭಾರವೆಲ್ಲ ಕೈ ಮೇಲೆ ಬೀಳುತ್ತೆ. ಗಾರೆ ಕೆಲಸದವರ ಮಟ್ಟಗೋಲು ಇಟ್ಟು ಸೀಟ್ ಸಮ ಮಾಡಿ, ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಸವಾರಿ ಮುಗಿದು ಎರಡು ದಿನವಾದರೂ ಮರಗಟ್ಟಿಯೇ ಇದ್ದರೆ, ಇಲ್ಲವೇ ಪೆನ್ನು ಹಿಡಿಯೋಕೆ ಬಲ ಸಾಲದಿದ್ದರೆ, ಡಾಕ್ಟರಿಗೆ ತೋರಿಸಲೇಬೇಕು.

ಪ್ರಶ್ನೆ: ನಮ್ಮ ದೇಶದವರು ಮೊದಲು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿದ್ದು ಯಾವಾಗ?
– ಒಬ್ಬ ಹಿರಿಯರು, ಬೇಲೂರು

ಉತ್ತರ: 1923ರ ಅಕ್ಟೋಬರ್‌ನಲ್ಲಿ ಮುಂಬೈನಿಂದ ಆರು ಪಾರ್ಸಿ ಯುವಕರು ಹೊರಟರು ಸಾರ್. ಕೊನೆವರೆಗೂ ತುಳಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ. 1928ರಲ್ಲಿ ವಾಪಸ್ ಬರುವಷ್ಟರಲ್ಲಿ ಸುಮಾರು 71,000 ಕಿ.ಮೀ. ಆಗಿತ್ತು. ಮರುಭೂಮಿ, ಕಾಡು, ಹಿಮ ಎಲ್ಲ ದಾಟಿದರು. ಅವರಿಗಿಂತ ಮುಂಚೆ, 1886ರಲ್ಲಿ, ಥಾಮಸ್ ಸ್ಟೀವನ್ಸ್ ಅನ್ನುವವರು ಭಾರೀ ದೊಡ್ಡ ಮುಂಚಕ್ರದ ಸೈಕಲ್ಲಿನಲ್ಲಿ ಪ್ರಪಂಚ ಸುತ್ತುತ್ತಾ ನಮ್ಮ ದೇಶದ ಮೂಲಕ ಕೋಲ್ಕತ್ತಾಗೆ ಹೋಗಿದ್ದರು. ಚೈನೇ ಇಲ್ಲದ ಸೈಕಲ್ ಅದು, ಪೆಡಲ್ ಇದ್ದದ್ದು ಮುಂಚಕ್ರಕ್ಕೇ.