ಮಕ್ಕಳು, ಹಿರಿಯರ ಜೊತೆ ಸೊನೋಮಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಸುಮಾರು 45 ಮೈಲಿ ದೂರದಲ್ಲಿರುವ ಸೊನೋಮ, ಕ್ಯಾಲಿಫೋರ್ನಿಯಾದ ವೈನ್ ಸೀಮೆಯ ಪುಟ್ಟ ಊರು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಬೇ ಏರಿಯಾದಲ್ಲಿರುವ ಓದುಗರಿಂದಲೂ, ಮಕ್ಕಳ ಮನೆಗೆ ಹೊರಟಿರುವ ಇಲ್ಲಿನ ಅಪ್ಪ-ಅಮ್ಮಂದಿರಿಂದಲೂ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ.

ಮೈಸೂರಿನಿಂದ ಅತ್ತೆ-ಮಾವ ಬಂದಿದ್ದಾರೆ. ಮಕ್ಕಳಿಗೆ ನಾಲ್ಕು ಮತ್ತು ಒಂಬತ್ತು ವರ್ಷ. ಮನೆಯಲ್ಲಿ ಯಾರೂ ವೈನ್ ಮುಟ್ಟುವುದಿಲ್ಲ. ಹಾಗಿದ್ದರೂ ಸೊನೋಮಕ್ಕೆ ಹೋಗಬಹುದೇ? (ಫ್ರೀಮಾಂಟ್)

ಖಂಡಿತ ಹೋಗಿ. ವೈನ್ ಬಿಟ್ಟು ನೋಡಿದರೂ ಒಂದು ದಿನ ಸಾಲದಷ್ಟು ಇಲ್ಲಿದೆ. ಆದರೆ ಕಾರನ್ನು ಹತ್ತು ಕಡೆ ನಿಲ್ಲಿಸಿ ತೆಗೆಯುವ ಯೋಜನೆ ಹಾಕಬೇಡಿ. ಊರಿನ ನಡುವಿನ ಪ್ಲಾಜಾ ಹತ್ತಿರ ಒಮ್ಮೆ ನಿಲ್ಲಿಸಿದರೆ ಹೆಚ್ಚಿನದೆಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ.

ನಾಲ್ಕು ವರ್ಷದ ಮಗು ಇರುವುದರಿಂದ ಮೊದಲು ಟ್ರೇನ್‌ಟೌನ್ ಎಂಬ ಪುಟಾಣಿ ರೈಲಿನ ಉದ್ಯಾನ. ದಕ್ಷಿಣದಿಂದ ಬ್ರಾಡ್‌ವೇ ರಸ್ತೆಯಲ್ಲಿ ಊರಿಗೆ ಬರುವಾಗ, ಪ್ಲಾಜಾಕ್ಕೆ ಒಂದು ಮೈಲಿ ಮುಂಚೆಯೇ ಸಿಗುತ್ತದೆ. ಹಳಿಗಳ ಅಗಲ ಬರೀ 15 ಅಂಗುಲ. ಮರಗಳ ನೆರಳು, ಸುರಂಗ, ಪುಟ್ಟ ಸೇತುವೆಗಳನ್ನು ದಾಟಿ ಸುಮಾರು ಇಪ್ಪತ್ತು ನಿಮಿಷದ ಸುತ್ತು. ನಡುವೆ ಆಡು-ಕುರಿಗಳಿರುವ ಕಡೆ ರೈಲು ನಿಲ್ಲುತ್ತದೆ. ಒಳಗೆ ಹೋಗಲು ಟಿಕೆಟ್ ಇಲ್ಲ, ಆಟಗಳಿಗೆ ಮಾತ್ರ ದುಡ್ಡು. ಬೇಸಿಗೆ ಬಿಟ್ಟು ಉಳಿದ ತಿಂಗಳುಗಳಲ್ಲಿ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಿ. ಡಬ್ಬಿಯ ಸೀಟು ತೀರಾ ತಗ್ಗು. ಮಂಡಿನೋವಿರುವ ಮಾವನವರಿಗೆ ಕೂರುವುದಕ್ಕಿಂತ ಏಳುವುದು ಕಷ್ಟವಾಗುತ್ತದೆ, ಪಕ್ಕದಲ್ಲಿ ಕೈ ಕೊಡುವವರು ಒಬ್ಬರಿರಲಿ.

ಅಲ್ಲಿಂದ ಪ್ಲಾಜಾ. ಎಂಟು ಎಕರೆಯ ಈ ಚೌಕವನ್ನು 1835ರಲ್ಲಿ ಮೆಕ್ಸಿಕೊದ ಸೇನಾಧಿಕಾರಿ ಮರಿಯಾನೊ ವಯೆಹೊ ಗುರುತು ಹಾಕಿಸಿದರು. ದೊಡ್ಡ ಮರಗಳು, ಬಾತುಕೋಳಿ ಕೊಳ, ಮಕ್ಕಳ ಆಟದ ಜಾಗ, ಶೌಚಾಲಯ ಎಲ್ಲವೂ ಸಮತಟ್ಟು ನೆಲದಲ್ಲಿವೆ. ನಡುವಿನ ಕಲ್ಲಿನ ಸಿಟಿ ಹಾಲ್ 1908ರದ್ದು. ಅದರ ನಾಲ್ಕೂ ಮುಖ ಒಂದೇ ತರಹ. ಯಾವ ಬದಿಯ ಅಂಗಡಿಯವರಿಗೂ ಕಟ್ಟಡ ಬೆನ್ನು ತಿರುಗಿಸಿದಂತೆ ಆಗಬಾರದೆಂದು ಹಾಗೆ ಕಟ್ಟಿದರು ಎಂದು ಊರಿನವರು ಹೇಳುತ್ತಾರೆ. ಒಂಬತ್ತು ವರ್ಷದವನಿಗೆ ನಾಲ್ಕೂ ಕಡೆ ಸುತ್ತಿ ವ್ಯತ್ಯಾಸ ಹುಡುಕಲು ಹೇಳಿ. ಚೌಕದ ಈಶಾನ್ಯ ಮೂಲೆಯಲ್ಲಿ ಕರಡಿ ಬಾವುಟದ ಕಂಚಿನ ಸ್ಮಾರಕವಿದೆ. 1846ರ ಜೂನ್ 14ರಂದು ಇಲ್ಲಿ ಬಂಡೆದ್ದ ಅಮೆರಿಕನ್ ವಲಸಿಗರು ಕರಡಿ ಚಿತ್ರದ ಬಾವುಟ ಹಾರಿಸಿ ಸ್ವತಂತ್ರ ಗಣರಾಜ್ಯ ಘೋಷಿಸಿದರು. ಅದು ತಿಂಗಳೂ ಬಾಳಲಿಲ್ಲ, ಆದರೆ ಇವತ್ತಿನ ಕ್ಯಾಲಿಫೋರ್ನಿಯಾ ಬಾವುಟದ ಕರಡಿ ಅಲ್ಲಿಂದಲೇ ಬಂದದ್ದು.

ಸ್ಮಾರಕದ ಎದುರಿಗೇ ಮಿಷನ್, ಅಂದರೆ ಕ್ಯಾಥೊಲಿಕ್ ಧರ್ಮಪ್ರಚಾರಕರ ಹಳೆಯ ನೆಲೆ, ಇದೆ. 1823ರಲ್ಲಿ ಶುರುವಾದ ಇದು, ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ ಕೊನೆಯದು ಮತ್ತು ತುತ್ತತುದಿಯ ಉತ್ತರದ್ದು. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆಗಳಿಂದ ಮಧ್ಯಾಹ್ನವೂ ಒಳಗೆ ತಂಪು. ದೊಡ್ಡವರಿಗೆ 3 ಡಾಲರ್, 6ರಿಂದ 17ರವರಿಗೆ 2 ಡಾಲರ್ ಟಿಕೆಟ್. ಅದೇ ಟಿಕೆಟ್‌ನಲ್ಲಿ ಅದೇ ದಿನ ಪಕ್ಕದ ಹಳೆಯ ಸೈನಿಕ ವಸತಿಯನ್ನೂ, ಅರ್ಧ ಮೈಲಿ ದೂರದ ವಯೆಹೊ ಮನೆಯನ್ನೂ ನೋಡಬಹುದು. ಆ ಮನೆಗೆ ಸೈಕಲ್ ದಾರಿಯಲ್ಲಿ ಹೋಗಿ. ಏರಿಲ್ಲ, ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಎರಡೂ ಸಲೀಸಾಗಿ ಹೋಗುತ್ತವೆ.

ಪ್ಲಾಜಾ ಸುತ್ತಲಿನ ರಸ್ತೆಬದಿಯಲ್ಲಿ ಕಾರು ನಿಲ್ಲಿಸಲು ಗಂಟೆಗಳ ಮಿತಿ ಇದೆ. ಸೈನಿಕ ವಸತಿಯ ಹಿಂಭಾಗದ ದೊಡ್ಡ ನಿಲ್ದಾಣ ಮೇಲು. ಎಲ್ಲಿ ನಿಲ್ಲಿಸಿದರೂ ಫಲಕ ಓದದೆ ಹೋಗಬೇಡಿ.

ದ್ರಾಕ್ಷಿ ತುಳಿಯುವ ಹಬ್ಬ ಯಾವಾಗ? ಮಕ್ಕಳೂ ತುಳಿಯಬಹುದೇ? (ಸನಿವೇಲ್)

ಸೊನೋಮದ ವಿಂಟೇಜ್ ಫೆಸ್ಟಿವಲ್ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದು ಬಂದ ಸುಗ್ಗಿ ಹಬ್ಬ. ವಾಡಿಕೆಯಂತೆ ಸೆಪ್ಟೆಂಬರ್ ಕೊನೆಯ ವಾರಾಂತ್ಯ, ಪ್ಲಾಜಾದಲ್ಲಿ. ದ್ರಾಕ್ಷಿಗೆ ಆಶೀರ್ವಾದ, ಮೆರವಣಿಗೆ, ತುಳಿಯುವ ಸ್ಪರ್ಧೆ ಇದರ ಜೀವಾಳ. ಆ ವರ್ಷದ ಕಾರ್ಯಕ್ರಮ ಮತ್ತು ವಯಸ್ಸಿನ ನಿಯಮ ನೋಡಿಕೊಂಡೇ ಹೆಸರು ಕೊಡಿ.

ತುಳಿಯುವುದು ಜೋಡಿಯಾಟ. ಒಬ್ಬರು ಅರ್ಧ ಪೀಪಾಯಿಯೊಳಗೆ ನಿಂತು ತುಳಿಯುತ್ತಾರೆ, ಇನ್ನೊಬ್ಬರು ಕೆಳಗಿನ ತೂಬಿನ ಹತ್ತಿರ ಕೈ ಇಟ್ಟು ರಸವನ್ನು ಪಾತ್ರೆಗೆ ಹರಿಸುತ್ತಾರೆ. ಹೊಸಬರು ಸೋಲುವುದು ಕಾಲಿನಿಂದಲ್ಲ, ತೂಬಿನಿಂದ. ಸಿಪ್ಪೆ, ತೊಟ್ಟು ಬಂದು ಬಾಯಿಗೆ ಅಡಗಟ್ಟಿ ರಸ ಒಳಗೇ ನಿಂತುಬಿಡುತ್ತದೆ. ಕೆಳಗಿನವರು ಬೆರಳಿನಿಂದ ಬಾಯಿಯನ್ನು ಬಿಡಿಸುತ್ತಲೇ ಇರಬೇಕು. ಮೇಲಿನವರು ಕುಣಿಯುವುದು ಬೇಡ. ಹಿಮ್ಮಡಿ ಊರಿ, ಪೀಪಾಯಿಯ ಅಂಚಿನಿಂದ ತೂಬಿನ ಕಡೆಗೆ ತಳ್ಳುತ್ತಾ ತುಳಿದರೆ ರಸ ಬೇಗ ಇಳಿಯುತ್ತದೆ. ಸಿಪ್ಪೆ ಬಲು ಜಾರು, ಅಂಚು ಹಿಡಿದೇ ನಿಲ್ಲಿ. ಹಿಂದಿನ ದಿನ ಉಗುರು ಕತ್ತರಿಸಿರಿ. ಕಾಲಲ್ಲಿ ಗಾಯವಿದ್ದವರು ಇಳಿಯಲೇಬಾರದು, ಹುಳಿ ಚುರುಗುಟ್ಟುತ್ತದೆ.

ಬಟ್ಟೆಗೆ ಕಲೆಯಾದರೆ ನೇರ ಸೋಪು ಹಚ್ಚಬೇಡಿ. ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ಹುಳಿಯಲ್ಲಿ ಕೆಂಪಗಿರುತ್ತದೆ, ಸೋಪಿನ ಕ್ಷಾರ ತಗುಲಿದ ಕೂಡಲೇ ನೀಲಿಗೆ ತಿರುಗುತ್ತದೆ. ಮೊದಲು ತಣ್ಣೀರು, ಆಮೇಲೆ ನಿಂಬೆರಸ ಅಥವಾ ವಿನೆಗರ್, ಕೊನೆಗೆ ಸೋಪು. ಸೆಪ್ಟೆಂಬರ್‌ನಲ್ಲಿ ಸಿಹಿಗೆ ಮುತ್ತುವ ಹಳದಿ ಕಣಜಗಳು ಹೆಚ್ಚು. ಮಕ್ಕಳ ಜ್ಯೂಸ್ ಡಬ್ಬಿ ತೆರೆದಿಟ್ಟು ಕೂರಬೇಡಿ, ಕಣಜ ಒಳಗೆ ಇಳಿದಿರುವುದು ಗೊತ್ತಾಗುವುದಿಲ್ಲ.

ಜನಜಂಗುಳಿ ಬೇಡ, ಆದರೆ ಊರಿನ ಸಂಭ್ರಮ ನೋಡಬೇಕು. ಯಾವಾಗ ಹೋಗಲಿ? (ಸ್ಯಾನ್ ಹೋಸೆ)

ಬೇಸಿಗೆಯ ಮಂಗಳವಾರ ಸಂಜೆ. ಪ್ಲಾಜಾದಲ್ಲಿ ರೈತರ ಸಂತೆ ಸೇರುತ್ತದೆ. ಪೀಚ್, ಟೊಮೆಟೊ, ಬ್ರೆಡ್ಡು, ಸಂಗೀತ. ಊರಿನವರು ಹುಲ್ಲಿನ ಮೇಲೆ ಜಮಖಾನ ಹಾಸಿ ಅಲ್ಲೇ ಊಟ ಮಾಡುತ್ತಾರೆ, ನೀವೂ ಹಾಸಿ. ಜುಲೈ 4ರ ಮೆರವಣಿಗೆಯೂ ಚೆಂದವೇ, ಆದರೆ ಅವತ್ತು ಸುತ್ತಲಿನ ರಸ್ತೆ ಮುಚ್ಚಿರುತ್ತದೆ. ಬೆಳಗ್ಗೆ ಬೇಗ ಹೋಗದಿದ್ದರೆ ದೂರ ನಿಲ್ಲಿಸಿ ನಡೆಯಬೇಕು.

ಸಂತೆಯ ದಿನವೂ ಸ್ವೆಟರ್ ಮರೆಯಬೇಡಿ. ಮಧ್ಯಾಹ್ನ 30 ಡಿಗ್ರಿ ದಾಟುವ ಈ ಕಣಿವೆಗೆ ಸಂಜೆ ಸ್ಯಾನ್ ಪಾಬ್ಲೊ ಕೊಲ್ಲಿಯ ಕಡೆಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಕತ್ತಲಾಗುವಷ್ಟರಲ್ಲಿ ಜೊತೆಗಿರುವ ಹಿರಿಯರು ಶಾಲು ಕೇಳುತ್ತಾರೆ.

ಸಸ್ಯಾಹಾರಿಗಳು. ಊಟ ಕಟ್ಟಿಕೊಂಡು ಹೋಗಬೇಕೇ? (ಮಿಲ್ಪಿಟಾಸ್)

ಹೋಟೆಲುಗಳಲ್ಲಿ ಸಸ್ಯಾಹಾರ ಸಿಗುತ್ತದೆ. ಆದರೂ ಹಿರಿಯರಿದ್ದರೆ ಬುತ್ತಿ ಇರಲಿ. ಪುಳಿಯೋಗರೆ ಕೆಡುವುದಿಲ್ಲ. ಮೊಸರನ್ನಕ್ಕೆ ಮಾತ್ರ ಒಂದು ಎಚ್ಚರ: ಒಂದು ಲೋಟ ಅಕ್ಕಿಯನ್ನು ಮೂರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ, ಹಿಸುಕಿ, ಬೆಚ್ಚಗಿರುವಾಗ ಒಂದೂವರೆ ಲೋಟ ಹಾಲು, ಎರಡೇ ಚಮಚ ಮೊಸರು ಕಲಸಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಮನೆಯಲ್ಲೇ ಪೂರ್ತಿ ಮೊಸರು ಹಾಕಿ ಬಿಸಿಲಿನ ಕಾರಿನಲ್ಲಿ ಬಿಟ್ಟರೆ ಹುಳಿ ಬಂದು ಯಾರೂ ತಿನ್ನುವುದಿಲ್ಲ.

ಈ ಊರು ಚೀಸ್‌ಗೂ ಹೆಸರುವಾಸಿ. 1931ರಲ್ಲಿ ಶುರುವಾದ ವೆಲ್ಲಾ ಚೀಸ್ ಕಂಪನಿಯ ಡ್ರೈ ಜ್ಯಾಕ್ ನೋಡಲೇಬೇಕಾದ್ದು: ಗಾಲಿಯಾಕಾರದ ಗಟ್ಟಿ ಚೀಸ್, ಹೊರಗೆ ಕೋಕೋ ಪುಡಿ, ಕರಿಮೆಣಸು, ಎಣ್ಣೆ ಸವರಿ ಹಳತು ಮಾಡಿದ ಕಂದು ಸಿಪ್ಪೆ. ಕಟ್ಟಾ ಸಸ್ಯಾಹಾರಿಗಳು ಯಾವ ಅಂಗಡಿಯಲ್ಲೇ ಆಗಲಿ, ರೆನೆಟ್ ಯಾವುದು ಎಂದು ಕೇಳಿಯೇ ಕೊಳ್ಳಿ. ಹಾಲು ಒಡೆಸುವ ರೆನೆಟ್ ಕೆಲವೊಮ್ಮೆ ಕರುವಿನ ಹೊಟ್ಟೆಯಿಂದ ಬಂದದ್ದಾಗಿರುತ್ತದೆ.

ವೈನರಿಗಳ ಅಂಗಳದಲ್ಲಿ ಹೊರಗಿನ ಊಟ ಬಿಚ್ಚುವ ಮುಂಚೆ ಅನುಮತಿ ಕೇಳಿ. ಹಲವು ಕಡೆ ಬಿಡುವುದಿಲ್ಲ.

ನಾನು ಮತ್ತು ಗಂಡ ಒಂದು ವೈನರಿ ನೋಡಬೇಕೆಂದಿದ್ದೇವೆ. ಮಕ್ಕಳನ್ನು ಒಳಗೆ ಬಿಡುತ್ತಾರೆಯೇ? (ಡಬ್ಲಿನ್, ಕ್ಯಾಲಿಫೋರ್ನಿಯಾ)

ಅದು ಆಯಾ ವೈನರಿಯ ನಿರ್ಧಾರ. ಕೆಲವು ಕಡೆ ಮಕ್ಕಳಿಗೆ ದ್ರಾಕ್ಷಿರಸ ಕೊಟ್ಟು ಕೂರಿಸುತ್ತಾರೆ, ಕೆಲವು ಕಡೆ 21 ತುಂಬದವರಿಗೆ ಬಾಗಿಲೇ ಇಲ್ಲ. ಕಾಯ್ದಿರಿಸುವಾಗಲೇ ಮಕ್ಕಳ ವಯಸ್ಸು ಹೇಳಿ. ಒಂದಕ್ಕಿಂತ ಹೆಚ್ಚು ಬೇಡ, ಎರಡನೆಯದರಲ್ಲಿ ಮಕ್ಕಳ ತಾಳ್ಮೆ ಮುಗಿದಿರುತ್ತದೆ. 1857ರ ಬುಯೆನಾ ವಿಸ್ತಾ ಊರಿನ ಅಂಚಿನಲ್ಲೇ ಇದೆ, ಕಲ್ಲಿನ ಕಟ್ಟಡ ನೋಡಲಿಕ್ಕಾದರೂ ಹೋಗಬಹುದು.

ರುಚಿ ನೋಡಲು ಸಾಮಾನ್ಯವಾಗಿ ಸುಮಾರು 30 ಮಿ.ಲೀ. ಸುರಿಯುತ್ತಾರೆ. ಐದು ಬಗೆ ಕುಡಿದರೆ ಒಂದು ಪೂರ್ತಿ ಗ್ಲಾಸು ಒಳಗೆ ಹೋಗಿರುತ್ತದೆ. ಆದ್ದರಿಂದ ಕಾರು ಓಡಿಸುವವರು ಯಾರೆಂದು ಮನೆಯಲ್ಲೇ ತೀರ್ಮಾನವಾಗಲಿ, ಅವರು ಮುಟ್ಟುವುದೇ ಬೇಡ. ಬಿರಡೆ ತೆಗೆದ ಬಾಟಲಿ ಇದ್ದರೆ ಡಿಕ್ಕಿಯಲ್ಲಿಡಿ, ಸೀಟಿನ ಬಳಿ ಇದ್ದರೆ ದಂಡ. ಎಂಟು ವರ್ಷದೊಳಗಿನ ಮಕ್ಕಳು ಹಿಂದಿನ ಸೀಟಿನಲ್ಲಿ, ಕಾರ್ ಸೀಟ್ ಅಥವಾ ಬೂಸ್ಟರ್‌ನಲ್ಲೇ ಇರಬೇಕು. ಆ ವಯಸ್ಸಿನೊಳಗೇ 4 ಅಡಿ 9 ಅಂಗುಲ ಬೆಳೆದ ಮಗುವಿಗೆ ಮಾತ್ರ ಬೆಲ್ಟು ಸಾಕು.

ಫೋಟೋಗೆಂದು ಬಳ್ಳಿಗಳ ಸಾಲಿನೊಳಗೆ ನುಗ್ಗಬೇಡಿ, ಹಣ್ಣೂ ಕೀಳಬೇಡಿ. ಅದು ಒಬ್ಬರ ಬೆಳೆ. ಬೂದಿರೋಗಕ್ಕೆ ಹೊಡೆದ ಗಂಧಕದ ಪುಡಿ ಎಲೆಯ ಮೇಲಿದ್ದರೆ ಮಕ್ಕಳ ಕಣ್ಣು ಉರಿಯುತ್ತದೆ. ನಿಮ್ಮ ಚಪ್ಪಲಿಗೆ ಮೆತ್ತಿದ ಮಣ್ಣಿನಲ್ಲಿ ಬೇರಿನ ಕೀಟ ಒಂದು ತೋಟದಿಂದ ಇನ್ನೊಂದಕ್ಕೆ ದಾಟುವುದೂ ಉಂಟು.

ಸ್ವಲ್ಪ ನಡೆಯುವ ಜಾಗ? (ಓಕ್ಲೆಂಡ್)

ಸೊನೋಮದ ಹತ್ತಿರದ ಗ್ಲೆನ್ ಎಲೆನ್‌ನ ಜ್ಯಾಕ್ ಲಂಡನ್ ಸ್ಟೇಟ್ ಪಾರ್ಕ್. ಅಮೆರಿಕನ್ ಲೇಖಕ ಜ್ಯಾಕ್ ಲಂಡನ್ ಕಟ್ಟಿಸಿದ ದೊಡ್ಡ ಕಲ್ಲಿನ ಮನೆ 1913ರ ಆಗಸ್ಟ್‌ನಲ್ಲಿ, ಒಕ್ಕಲಾಗುವ ಮುಂಚೆಯೇ, ಸುಟ್ಟುಹೋಯಿತು. ಗೋಡೆಗಳು ಕಾಡಿನ ನಡುವೆ ಹಾಗೇ ನಿಂತಿವೆ. ಹೋಗುವಾಗ ಇಳಿಜಾರು, ವಾಪಸು ಏರು ಎಂಬುದನ್ನು ಹಿರಿಯರಿಗೆ ಮೊದಲೇ ಹೇಳಿ. ಅವರು ಅಲ್ಲಿನ ನೀಲಗಿರಿ ಮರಗಳನ್ನು ಗುರುತು ಹಿಡಿಯುತ್ತಾರೆ. ಲಂಡನ್ ಸಾವಿರಾರು ಗಿಡ ನೆಡಿಸಿದ್ದ, ಮರದ ವ್ಯಾಪಾರ ಕೈಗೂಡಲಿಲ್ಲ.

ಸೆಪ್ಟೆಂಬರ್, ಅಕ್ಟೋಬರ್ ಕಾಳ್ಗಿಚ್ಚಿನ ಕಾಲವೂ ಹೌದು. 2017ರ ಅಕ್ಟೋಬರ್‌ನಲ್ಲಿ ಈ ಕಣಿವೆ ಬೆಂದಿತ್ತು. ಹೊರಡುವ ಬೆಳಗ್ಗೆ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ. 100 ದಾಟಿದ್ದರೆ ಮಕ್ಕಳು, ಉಬ್ಬಸವಿರುವವರು, ಹಿರಿಯರು ಮನೆಯಲ್ಲೇ ಉಳಿಯುವುದು ಒಳ್ಳೆಯದು.

ವಾಪಸು ಬರುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ತಪ್ಪಿಸುವುದು ಹೇಗೆ? (ಯೂನಿಯನ್ ಸಿಟಿ)

ಅಡಚಣೆ ಇರುವುದು 37ನೇ ಹೆದ್ದಾರಿಯಲ್ಲಿ. ಸೊನೋಮ ರೇಸ್‌ವೇ ಬಳಿಯಿಂದ ವಲೆಹೊ ಕಡೆಗೆ, ಜೌಗುಭೂಮಿಯ ನಡುವೆ, ರಸ್ತೆ ಒಂದೊಂದೇ ಪಥಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಹೋಗುವವರೆಲ್ಲ ಅಲ್ಲಿ ಕೂರುತ್ತಾರೆ. ಅದರ ಬದಲು ನಾಪಾ ಕಡೆಗೆ 12/121ನೇ ಹೆದ್ದಾರಿ ಹಿಡಿದು, 12ರ ಜೇಮ್ಸನ್ ಕ್ಯಾನಿಯನ್ ಮೂಲಕ 80ನೇ ಹೆದ್ದಾರಿಗೆ ಸೇರಿ. ದೂರ ಹೆಚ್ಚಾದರೂ ಅಂಥ ಹೊತ್ತಿನಲ್ಲಿ ವಾಸಿ. ರೇಸ್‌ವೇಯಲ್ಲಿ ದೊಡ್ಡ ಪಂದ್ಯವಿರುವ ವಾರಾಂತ್ಯ ಈ ಕಡೆಗೆ ಹೊರಡಲೇ ಬೇಡಿ.

ನಮ್ಮ ಕಡೆಯೂ ದ್ರಾಕ್ಷಿ ತೋಟಗಳಿವೆ. ಇಂಥ ಅನುಭವ ಇಲ್ಲೇ ಸಿಗುವುದಿಲ್ಲವೇ? (ಚಿಕ್ಕಬಳ್ಳಾಪುರ)

ಸಿಗುತ್ತದೆ, ಆದರೆ ಕಾಲ ಬೇರೆ. ಸೊನೋಮದಲ್ಲಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್, ನಂದಿ ಬೆಟ್ಟದ ಸುತ್ತಿನ ವೈನ್ ತೋಟಗಳಲ್ಲಿ ಬೇಸಿಗೆಗೆ ಮುಂಚೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ. ಆ ತಿಂಗಳುಗಳಲ್ಲಿ ದೊಡ್ಡಬಳ್ಳಾಪುರದ ಕಡೆಯ ವೈನ್ ತೋಟಕ್ಕೆ ಮೊದಲೇ ಕಾಯ್ದಿರಿಸಿ ಹೋಗಿ. ಮನೆಯಲ್ಲಿ ಮಕ್ಕಳಿಗೆ ತುಳಿಸಬೇಕೆಂದಿದ್ದರೆ ನಿಮ್ಮೂರಿನ ಬೆಂಗಳೂರು ನೀಲಿಯೇ ಸಾಕು. ಸಿಪ್ಪೆ ತಿರುಳಿನಿಂದ ಸುಲಭವಾಗಿ ಬಿಡುತ್ತದೆ. ಅಗಲದ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಮಗುವಿಗೆ ಐದು ಕಿಲೋ ಹಾಕಿ, ತೊಟ್ಟು ಮೊದಲೇ ಬಿಡಿಸಿಟ್ಟಿರಿ.