ಕೋಲು ಹಿಡಿಯದೆ ಆರನೇ ತರಗತಿಯ ಬೊಬ್ಬೆ ನಿಲ್ಲಿಸುವುದು ಹೇಗೆ?

ಈ ಜೂನ್‌ನಲ್ಲಿ ದಿನವೇತನಕ್ಕೆ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗೆ ಟೀಚರ್ ಆಗಿ ಸೇರಿದ್ದೀರಿ. ಕನ್ನಡ ಮಾಧ್ಯಮದ ಆರನೇ ತರಗತಿ, 34 ಮಕ್ಕಳು. ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಗಂಟಲು ಹೋಗಿರುತ್ತದೆ, ಹೊಡೆಯಲು ಮನಸ್ಸಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ 19 ವರ್ಷದಿಂದ ಕಲಿಸುತ್ತಿದ್ದೇನೆ, ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ.

ಹೊಡೆಯುವುದು ಬೇಡ ಅನ್ನುವ ನಿಮ್ಮ ಮನಸ್ಸು ಸರಿಯಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವ ಹಾಗಿಲ್ಲ, ಮನಸ್ಸಿಗೆ ಹಿಂಸೆ ಕೊಡುವ ಹಾಗೂ ಇಲ್ಲ. ಎರಡನೆಯದನ್ನು ತುಂಬ ಜನ ಮರೆಯುತ್ತಾರೆ. ಎಲ್ಲರ ಎದುರು "ನಿನ್ನ ತಲೆಯಲ್ಲಿ ಮಣ್ಣಿದೆಯಾ" ಅಂತ ಕೇಳಿದರೆ ಮಗುವಿಗೆ ಆಗುವ ನೋವು ಸಣ್ಣದಲ್ಲ.

ನನಗೆ ತರಗತಿ ನಡೆಸುವುದನ್ನು ಕಲಿಸಿದ್ದು ಮಳೆ. ನಾನು ಮೊದಲು ಸೇರಿದ ಶಾಲೆಯ ಮಾಡಿಗೆ ಶೀಟು ಹಾಕಿತ್ತು. ನಮ್ಮ ಕಾಸರಗೋಡಿನ ಜೂನ್, ಜುಲೈ ನಿಮಗೆ ಗೊತ್ತಲ್ವಾ, ಜೋರು ಮಳೆ ಹಿಡಿದರೆ ಎದುರಿನ ಬೆಂಚಿಗೂ ನನ್ನ ಮಾತು ಕೇಳುತ್ತಿರಲಿಲ್ಲ. ಮೊದಲ ವಾರ ಕಿರುಚಿದೆ. ಎರಡನೇ ವಾರ ಗಂಟಲು ಕಟ್ಟಿತು. ಆಮೇಲೆ ಬೇರೆ ದಾರಿಯೇ ಇರಲಿಲ್ಲ, ನಾನು ಬಾಯಿ ಬಿಡದಿದ್ದರೂ ಕೆಲಸ ನಡೆಯುವ ಹಾಗೆ ಮಾಡಿಕೊಳ್ಳಬೇಕಾಯಿತು.

ಮಾಡಿದ್ದು ಇಷ್ಟು. ಬೆಳಗ್ಗೆ ಮಕ್ಕಳು ಬರುವ ಮೊದಲೇ ಬೋರ್ಡಿನ ಎಡ ಮೂಲೆಯಲ್ಲಿ ಒಂದು ಸಣ್ಣ ಕೆಲಸ ಬರೆದಿಡುತ್ತಿದ್ದೆ, ಮೂರು ಲೆಕ್ಕವೋ, ನಿನ್ನೆಯ ಪಾಠದ ಎರಡು ಪ್ರಶ್ನೆಯೋ. ಮಕ್ಕಳು ಒದ್ದೆ ಕೊಡೆಯನ್ನು ಜಗಲಿಯ ಹಗ್ಗಕ್ಕೆ ಸಿಕ್ಕಿಸಬೇಕು, ಚೀಲ ಬೆಂಚಿನ ಕೆಳಗೆ ಇಡಬೇಕು, ಪುಸ್ತಕ ತೆಗೆದು ಬರೆಯಲು ಶುರು ಮಾಡಬೇಕು. ಕೇಳಲು ಸುಲಭ. ಆದರೆ ಇದನ್ನು ಹೇಳಿದರೆ ಸಾಲದು, ಪಾಠದ ಹಾಗೆಯೇ ಕಲಿಸಬೇಕು. ನಾನು ಒಂದು ವಾರ ಮಕ್ಕಳನ್ನು ಹೊರಗೆ ಕಳಿಸಿ, ಮತ್ತೆ ಒಳಗೆ ಕರೆದು, ಕೊಡೆ ಸಿಕ್ಕಿಸುವುದರಿಂದ ಹಿಡಿದು ಎಲ್ಲವನ್ನೂ ಅಭ್ಯಾಸ ಮಾಡಿಸಿದೆ. ಪಾಠ ಹಿಂದೆ ಬೀಳುತ್ತದೆ ಅಂತ ಜೊತೆಯ ಟೀಚರ್ ಹೇಳಿದರು. ಓಣಂ ರಜೆಗೆ ಮೊದಲಿನ ಪರೀಕ್ಷೆಯ ಹೊತ್ತಿಗೆ ಪಾಠವೆಲ್ಲ ಮುಗಿದು ಎರಡು ದಿನ ಉಳಿದಿತ್ತು.

ನೀವು ಒಂದೆರಡು ದಿನ ಬೊಬ್ಬೆ ಯಾವಾಗ ಏಳುತ್ತದೆ ಅಂತ ಸುಮ್ನೆ ಬರೆದಿಟ್ಟುಕೊಳ್ಳಿ. ಪಾಠದ ನಡುವೆ ಕಡಿಮೆ ಇರುತ್ತದೆ. ನೀವು ಬೋರ್ಡ್ ಒರೆಸುವಾಗ, ಹಾಜರಿ ಕರೆಯುವಾಗ, ಪುಸ್ತಕ ತಿದ್ದುವಾಗ ಜಾಸ್ತಿ. ಆಗ ಮಕ್ಕಳ ಕೈಗೆ ಕೆಲಸ ಇರುವುದಿಲ್ಲ. 34 ಮಕ್ಕಳು ಪುಸ್ತಕ ಹಿಡಿದು ನಿಮ್ಮ ಮೇಜಿನ ಸುತ್ತ ನಿಂತರೆ ಯಾರೂ ಸುಮ್ಮನಿರುವುದಿಲ್ಲ. ಬೆಂಚಿಗೊಬ್ಬರು ಪುಸ್ತಕ ಸೇರಿಸಿ, ತಿದ್ದಬೇಕಾದ ಪುಟ ತೆರೆದು, ಒಂದರ ಮೇಲೊಂದು ತಂದಿಡಲಿ. ಆ ಕೆಲಸ ವಾರಕ್ಕೊಮ್ಮೆ ಬದಲಾಗಲಿ, ಜಾಣರಿಗೆ ಮಾತ್ರ ಕೊಡಬೇಡಿ.

ಮಾತಾಡಿದವರ ಹೆಸರನ್ನು ಲೀಡರ್ ಕೈಯಲ್ಲಿ ಬೋರ್ಡಿನಲ್ಲಿ ಬರೆಸುವ ಪದ್ಧತಿ ಇದೆಯಲ್ಲ, ದಯವಿಟ್ಟು ಅದನ್ನು ಬಿಟ್ಟುಬಿಡಿ. ಹೆಸರು ಬರೆಸಿಕೊಂಡವರು ಆಟದ ಹೊತ್ತಿಗೆ ಲೀಡರ್ ಮೇಲೆ ಸೇಡು ತೀರಿಸುತ್ತಾರೆ, ಲೀಡರ್ ತನ್ನ ಗೆಳೆಯರ ಹೆಸರು ಬರೆಯುವುದಿಲ್ಲ. ನಾನು ನಾಲ್ಕು ವರ್ಷ ಹಾಗೆ ಮಾಡಿಸಿದ್ದೆ.

ಇನ್ನು ಭಾಷೆ. ನಿಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳು ಇರಬಹುದು. ಪುಸ್ತಕದ ಕನ್ನಡದಲ್ಲಿ ಒಂದೇ ಉಸಿರಿಗೆ ನಾಲ್ಕು ಸೂಚನೆ ಕೊಟ್ಟರೆ ಅರ್ಧ ಮಕ್ಕಳು ಪಕ್ಕದವರನ್ನು ಕೇಳಲೇಬೇಕಾಗುತ್ತದೆ. ಅದು ನಮ್ಮ ಕಿವಿಗೆ ಬೊಬ್ಬೆಯಾಗಿ ಕೇಳುತ್ತದೆ. ಒಂದು ಸಲಕ್ಕೆ ಒಂದೇ ಸೂಚನೆ ಹೇಳಿ, ಬೋರ್ಡಿನಲ್ಲೂ ಬರೆಯಿರಿ. ಬೇಕಾದರೆ ತುಳುವಿನಲ್ಲೋ ಮಲಯಾಳದಲ್ಲೋ ಒಂದು ಮಾತು ಹೇಳಿ, ಅದರಿಂದ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ. ಮಗುವಿಗೆ ತನ್ನ ಮನೆಯ ಮಾತು ಟೀಚರಿಗೂ ಗೊತ್ತು ಅನ್ನುವ ಧೈರ್ಯ ಬರುತ್ತದೆ.

ಕೊನೆಗೆ ಒಬ್ಬ ಹುಡುಗನ ವಿಷಯ ಹೇಳಬೇಕು. ಕಿಟಕಿಯ ಎದುರು ಬದಿಯ ಮೂರನೇ ಬೆಂಚಿನವನು. ಬರೆಯುವ ಹೊತ್ತಿಗೆ ಸರಿಯಾಗಿ ಪಕ್ಕದವನ ಪುಸ್ತಕಕ್ಕೆ ಬಗ್ಗಿ ಮಾತಾಡುತ್ತಿದ್ದ. ಎರಡು ಸಲ ಬೈದೆ, ಮೂರನೇ ಸಲ ಜಗಲಿಯಲ್ಲಿ ನಿಲ್ಲಿಸಿದೆ. ಅವನು ಒಂದು ಮಾತೂ ಆಡಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಯಾಕೋ ಅವನ ಜಾಗದಲ್ಲಿ ಹೋಗಿ ಕೂತೆ. ಕಿಟಕಿಯ ಬೆಳಕು ಬಿದ್ದು ಬೋರ್ಡಿನ ಬಲಗಡೆ ಅರ್ಧ ಬಿಳಿ ಬಿಳಿ ಹೊಳೆಯುತ್ತಿತ್ತು, ನಾನೇ ಬರೆದ ಅಕ್ಷರ ನನಗೇ ಕಾಣಲಿಲ್ಲ. ಅವನು ಪಕ್ಕದವನಿಂದ ಕೇಳಿ ಬರೆದುಕೊಳ್ಳುತ್ತಿದ್ದ, ಅಷ್ಟೆ. ಮರುದಿನ ಎಲ್ಲರ ಎದುರೇ ಅವನಲ್ಲಿ "ನನ್ನಿಂದ ತಪ್ಪಾಯಿತು" ಅಂದೆ. ಬೆಂಚನ್ನು ಅವನೂ ನಾನೂ ಸೇರಿ ಎತ್ತಿ ಎರಡು ಅಡಿ ಸರಿಸಿದೆವು.

ನಾಳೆ ಸಂಜೆ ನೀವೂ ನಿಮ್ಮನ್ನು ಜಾಸ್ತಿ ಕಾಡುವ ಮಗುವಿನ ಜಾಗದಲ್ಲಿ ಐದು ನಿಮಿಷ ಕೂತು ಬನ್ನಿ. ಏನು ಕಂಡಿತು ಅಂತ ಬರೆಯಿರಿ, ಮುಂದಿನದನ್ನು ಆಮೇಲೆ ಯೋಚಿಸೋಣ.