ಹಳೇ ಸ್ವಿಫ್ಟ್ ಡೀಸೆಲ್‌ಗೆ ಘಟ್ಟದಲ್ಲಿ ಪಿಕಪ್ ಇಲ್ಲ. ಟ್ಯೂನಿಂಗ್ ಬಾಕ್ಸ್ ಹಾಕಿಸಲಾ, ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಲಾ?

ಸದ್ಯಕ್ಕೆ ಎರಡೂ ಬೇಡ. ಮೊದಲು ಬಾನೆಟ್ ಎತ್ತಿ, ಟರ್ಬೊ ಇಂಜಿನ್‌ಗೆ ತಳ್ಳುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ನೋಡಿಸಿ.

ನನ್ನದೂ ಅದೇ 1.3 ಡಿಡಿಐಎಸ್ ಗಾಡಿ. ಚಾರ್ಮಾಡಿ ಘಾಟಿಯಲ್ಲಿ ಎರಡನೇ ಗೇರಿಗೆ ಸಲೀಸಾಗಿ ಹತ್ತುತ್ತಿದ್ದ ತಿರುವುಗಳಲ್ಲಿ ಉಸಿರು ಕಟ್ಟಿದ ಹಾಗೆ ನಿಲ್ಲತೊಡಗಿತು. ಹಿಂದೆ ಕಪ್ಪು ಹೊಗೆ ಬೇರೆ. ಇಂಜಿನ್ ಹಳೇದಾಯ್ತು, ಪವರ್ ಸಾಲದು ಅಂದುಕೊಂಡೆ. ಏನನ್ನೂ ಚೆಕ್ ಮಾಡಿಸದೆ ಟ್ಯೂನಿಂಗ್ ಬಾಕ್ಸ್ ಹಾಕಿಸಿದೆ.

ಆ ಬಾಕ್ಸ್ ಏನು ಮಾಡುತ್ತದೆ ಗೊತ್ತಾ? ಇಂಜೆಕ್ಟರಿಗೆ ಹೋಗುವ ಡೀಸೆಲ್ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರಿನ ವೈರಿನ ಮಧ್ಯೆ ಕೂತು, ಒತ್ತಡ ಕಡಿಮೆ ಇದೆ ಅಂತ ಇಂಜಿನ್ ಕಂಪ್ಯೂಟರಾದ ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ನಂಬಿ ಒತ್ತಡ ಏರಿಸುತ್ತದೆ. ಇಂಜೆಕ್ಟರಿನಿಂದ ಡೀಸೆಲ್ ಜಾಸ್ತಿ ಬೀಳುತ್ತದೆ. ಅಷ್ಟೇ. ಗಾಳಿ ಜಾಸ್ತಿ ಮಾಡುವ ಕೆಲಸ ಅದರದಲ್ಲ.

ನನ್ನ ಗಾಡಿಗೆ ಕೊರತೆ ಇದ್ದದ್ದೇ ಗಾಳಿಯದು. ಇಂಟರ್‌ಕೂಲರಿನ ರಬ್ಬರ್ ಹೋಸ್ ಕ್ಲಾಂಪಿನ ಹತ್ತಿರ, ಅಡಿಭಾಗದಲ್ಲಿ ಸೀಳಿತ್ತು. ಗಾಡಿ ನಿಂತಲ್ಲೇ ಇಂಜಿನ್ ಓಡುತ್ತಿದ್ದರೆ ಆ ಸೀಳು ಕಾಣುವುದೇ ಇಲ್ಲ. ಲೋಡ್ ಬಿದ್ದು ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಏರ್‌ಫ್ಲೋ ಸೆನ್ಸರ್ ಇರುವುದು ಟರ್ಬೊಗಿಂತ ಮೊದಲು. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚೆಂದರೆ ಎಷ್ಟು ಡೀಸೆಲ್ ಬಿಡಬಹುದು ಅನ್ನುವ ಮಿತಿಯನ್ನು ಇಸಿಯು ಹಾಕುವುದು ಅದು ಅಳೆದ ಗಾಳಿಯ ಲೆಕ್ಕಕ್ಕೆ. ಅಳೆದ ಗಾಳಿಯಲ್ಲಿ ಒಂದು ಪಾಲು ಆಮೇಲೆ ದಾರಿಯಲ್ಲೇ ಸೋರಿಹೋದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿಯಾಗುತ್ತದೆ. ಮೊದಲೇ ಜಾಸ್ತಿಯಾಗಿದ್ದ ಡೀಸೆಲ್‌ಗೆ ಬಾಕ್ಸ್ ಇನ್ನಷ್ಟು ಸೇರಿಸಿತು. ಹೊಗೆಯ ಒಂದು ಪಾಲನ್ನು ವಾಪಸ್ ಇಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಮಸಿಯಿಂದ ಕಟ್ಟಿಕೊಂಡಿತು. ತಿರುವಿನಲ್ಲಿ ಹಾಫ್ ಕ್ಲಚ್ ಹಿಡಿದು ಹಿಡಿದು ಕ್ಲಚ್ ಪ್ಲೇಟ್ ಸುಟ್ಟಿತು. ಕ್ಲಚ್ ಸೆಟ್ಟಿನ ಖರ್ಚಿನ ಮುಂದೆ ಹೋಸಿನ ಬೆಲೆ ಯಾವ ಲೆಕ್ಕ! ಹೋಸ್ ಹೊಸದು ಹಾಕಿ, ಇಜಿಆರ್ ಕ್ಲೀನ್ ಮಾಡಿಸಿ, ಬಾಕ್ಸ್ ಕಿತ್ತ ಮೇಲೆ ಅದೇ ತಿರುವು ಎರಡನೇ ಗೇರಿನಲ್ಲೇ ಹತ್ತಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಮೊದಲು ಇದ್ದ ಪಿಕಪ್ ಈಗ ಇಲ್ಲ ಅಂದರೆ ಅದು ರಿಪೇರಿ ಕೆಲಸ, ಟ್ಯೂನಿಂಗ್ ಕೆಲಸ ಅಲ್ಲ. ಹೋಸಿನ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು ಇದೆಯಾ? ಆಕ್ಸಿಲರೇಟರ್ ಒತ್ತಿದಾಗ ಗಾಳಿ ಸೋರುವ ಸದ್ದು ಬರುತ್ತಾ? ನೋಡಿ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೇಗೂ ಬದಲಾಯಿಸಿ. ಸ್ಕ್ಯಾನರ್ ಹಾಕಿಸುವುದಾದರೆ ಗಾಡಿ ಏರು ಹತ್ತುತ್ತಿರುವಾಗಲೇ ಬೂಸ್ಟ್ ರೀಡಿಂಗ್ ನೋಡಿಸಿ. ಶೆಡ್ಡಿನಲ್ಲಿ ನಿಲ್ಲಿಸಿ ನೋಡಿದರೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯ. 75 ಹಾರ್ಸ್‌ಪವರ್‌ನ ಈ ಇಂಜಿನ್ ತನ್ನ 190 ಎನ್ಎಂ ಟಾರ್ಕ್, ಅಂದರೆ ಪೂರ್ತಿ ಎಳೆತ, ಕೊಡುವುದೇ 2000 ಆರ್‌ಪಿಎಂಗೆ. ಅದಕ್ಕಿಂತ ತುಂಬಾ ಕೆಳಗೆ ಬಿಟ್ಟರೆ ಹೊಸ ಗಾಡಿಯೂ ಎಳೆಯುವುದಿಲ್ಲ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ.

ಎಲ್ಲ ಸರಿಯಾದ ಮೇಲೂ ಸಾಲದು ಅನ್ನಿಸಿದರೆ ಆಗ ರೀಮ್ಯಾಪ್ ಯೋಚಿಸಿ. ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ. ಮೊದಲು ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ಗಾಡಿ ಹತ್ತಿಸಿ ಈಗಿರುವ ಪವರ್ ಅಳೆಸಿ. ಚಕ್ರದಲ್ಲಿ ಅಳೆದಾಗ 75ಕ್ಕಿಂತ ಸ್ವಲ್ಪ ಕಡಿಮೆ ಬರುವುದು ಸಹಜ. ತೀರಾ ಕಡಿಮೆ ಬಂದರೂ ಪರವಾಗಿಲ್ಲ, ಮ್ಯಾಪ್ ಹಾಕೋಣ ಅನ್ನುವವರ ಕೈಗೆ ಗಾಡಿ ಕೊಡಬೇಡಿ.